ಬೇಸಿಗೆ ಕೋಡಿಂಗ್ ಕ್ಯಾಂಪ್‌ನಲ್ಲಿ ಅಡ್ಮಿನ್ ಇಂಟರ್ನ್ ಆಫರ್: ಒಪ್ಪಿಕೊಳ್ಳಲಾ, ಬೇಡವಾ?

ಹಾಸನದ ಹೈದ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ವಿಟಿಯು, ಕಂಪ್ಯೂಟರ್ ಸೈನ್ಸ್, ಕೊನೇ ಸೆಮ್‌ಗೆ ಬಂದಿದ್ದೇನೆ. ಇಂಟರ್ನ್‌ಶಿಪ್ ಹುಡುಕುತ್ತಿದ್ದೆ. ಬೆಂಗಳೂರಿನ ಕಂಪನಿಗಳಿಗೆ ಹಾಕಿದ್ದಕ್ಕೆ ಒಂದೂ ಉತ್ತರ ಇಲ್ಲ. ಈಗ ನಮ್ಮ ಜಿಲ್ಲೆಯಲ್ಲೇ ಒಂದು ಸಂಸ್ಥೆಯವರು ಕರೆದಿದ್ದಾರೆ. ಏಪ್ರಿಲ್-ಮೇ ರಜೆಯಲ್ಲಿ ಸರ್ಕಾರಿ ಶಾಲೆ ಮಕ್ಕಳಿಗೆ, 7ರಿಂದ 10ನೇ ಕ್ಲಾಸಿನವರಿಗೆ, ಕೋಡಿಂಗ್ ಕ್ಯಾಂಪ್ ನಡೆಸುತ್ತಾರಂತೆ. ನನ್ನದು ಫೆಬ್ರವರಿಯಿಂದ ಮೇ ಕೊನೆವರೆಗೆ, ತಿಂಗಳಿಗೆ 8 ಸಾವಿರ.

ಸಮಸ್ಯೆ ಏನಂದ್ರೆ, ನಾನು ಕೇಳಿದ್ದು ಪಾಠ ಮಾಡೋ ಕೆಲಸ, ಕೊಟ್ಟಿರೋದು 'ಪ್ರೋಗ್ರಾಂ ಅಡ್ಮಿನಿಸ್ಟ್ರೇಟರ್ ಇಂಟರ್ನ್'. ಪತ್ರದಲ್ಲಿ ಬರೆದಿರೋದು: ನೋಂದಣಿ, ಮೆಂಟರ್‌ಗಳ (ಪಾಠ ಮಾಡೋರ) ವೇಳಾಪಟ್ಟಿ, ಪೋಷಕರ ಸಂಪರ್ಕ, ವರದಿ ಮತ್ತು ಇತರೆ. ಆ 'ಇತರೆ' ನೋಡಿಯೇ ನನಗೆ ಭಯ. ನಾಲ್ಕು ವರ್ಷ ಕೋಡಿಂಗ್ ಓದಿ ಕೊನೆಗೆ ಹಾಜರಿ ಪುಸ್ತಕ ಹಿಡಿದು ನಿಲ್ಲೋದಾ ಅಂತ ಫ್ರೆಂಡ್ಸ್ ನಗುತ್ತಿದ್ದಾರೆ. ಅಪ್ಪ ಮಾತ್ರ "ಮನೆ ಹತ್ತಿರ ಇದೆ, ಹೋಗು" ಅಂತಾರೆ. ಇದು ಮುಂದೆ ಕೆಲಸಕ್ಕೆ ಬರುತ್ತಾ? ನಿಜವಾಗಿ ಏನು ಕೆಲಸ ಇರುತ್ತೆ? ಕಾಲೇಜಿನವರು ಇದನ್ನ ಇಂಟರ್ನ್‌ಶಿಪ್ ಅಂತ ಒಪ್ಪುತ್ತಾರಾ? ಗೊತ್ತಿರೋರು ಹೇಳಿ ಪ್ಲೀಸ್.

ಕೀಬೋರ್ಡ್ ಕಿಟ್ಟಿ:

ಗುರು, ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡ. ಡೆವಲಪರ್ ಕೆಲಸವೇ ಬೇಕು ಅಂದ್ರೆ ಇದು ದಾರಿ ಅಲ್ಲ. ಇಂಟರ್ವ್ಯೂನಲ್ಲಿ ಕೂತವನು "ಏನು ಕಟ್ಟಿದೆ?" ಅಂತ ಕೇಳುತ್ತಾನೆ, "ಎಷ್ಟು ಮಕ್ಕಳಿಗೆ ಬಿಸ್ಕತ್ ಹಂಚಿದೆ?" ಅಂತ ಕೇಳೋದಿಲ್ಲ. ಇಂಥ ಕ್ಯಾಂಪ್‌ಗಳಲ್ಲಿ ಅಡ್ಮಿನ್ ಅಂದ್ರೆ ಯಾರಿಗೂ ಬೇಡದ ಕೆಲಸವೆಲ್ಲ ಬಂದು ಬೀಳೋ ಜಾಗ. ಬೇರೆ ಏನೂ ಸಿಗದಿದ್ದರೆ ಮಾತ್ರ ಹೋಗು. ಹೋದರೂ ಬೆಳಗ್ಗೆ ಎದ್ದು ಎರಡು ಗಂಟೆ ನಿನ್ನ ಪ್ರಾಜೆಕ್ಟ್ ಮಾಡಿಕೋ.

ಹಳೇ ಕೋಆರ್ಡಿನೇಟರ್:

ಕಿಟ್ಟಿ ಹೇಳಿದ್ದು ಅರ್ಧ ಸರಿ. ನಾನು ತುಮಕೂರು ಕಡೆ ಇದೇ ಥರದ ಕ್ಯಾಂಪ್‌ಗಳನ್ನು ಕೆಲವು ವರ್ಷ ನೋಡಿಕೊಂಡಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಒಂದು ಮಾತು. ಇಂಥ ಕ್ಯಾಂಪ್ ಕೆಡೋದು ಪಾಠ ಚೆನ್ನಾಗಿಲ್ಲ ಅಂತ ಅಲ್ಲ. ಲ್ಯಾಬಿನ ಕೀಲಿ ಇಟ್ಟುಕೊಂಡ ಮೇಷ್ಟ್ರು ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋಗಿರುತ್ತಾರೆ. ಮಧ್ಯಾಹ್ನ ಕರೆಂಟ್ ಇರೋದಿಲ್ಲ. ಮೂರನೇ ವಾರಕ್ಕೆ ಅರ್ಧ ಮಕ್ಕಳು ಅಜ್ಜಿ ಮನೆಗೆ ಹೋಗಿರುತ್ತಾರೆ. ಇದನ್ನೆಲ್ಲ ಮುಂಚೆಯೇ ನೋಡಿಕೊಳ್ಳೋದೇ ಅಡ್ಮಿನ್ ಕೆಲಸ. ಬಿಸ್ಕತ್ ಕೂಡ ಹೌದು, ಕಿಟ್ಟಿ, ಹಸಿದ ಮಗು ಲೂಪ್ ಕಲಿಯೋದಿಲ್ಲ.

ಫೆಬ್ರವರಿಯಲ್ಲೇ ಶುರು ಮಾಡಿಸುತ್ತಿದ್ದಾರೆ ಅಂದ್ರೆ ಸಂಸ್ಥೆಯವರಿಗೆ ಸ್ವಲ್ಪ ಬುದ್ಧಿ ಇದೆ. ಮಾರ್ಚ್ ಬಂತು ಅಂದ್ರೆ ಹೆಡ್‌ಮಾಸ್ಟರ್‌ಗಳಿಗೆ ಪರೀಕ್ಷೆ ಬಿಟ್ಟು ಬೇರೇನೂ ಕಾಣಿಸೋದಿಲ್ಲ. ಅಷ್ಟರೊಳಗೆ ಪ್ರತಿ ಶಾಲೆಗೂ ಹೋಗಿ ಲ್ಯಾಬ್ ನೋಡಿ ಬನ್ನಿ. "20 ಸಿಸ್ಟಮ್ ಇದೆ ಸರ್" ಅಂತಾರೆ, ನೀವು ಒಂದೊಂದಾಗಿ ಆನ್ ಮಾಡಿ ನೋಡಬೇಕು. ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ, ಮೌಸ್ ಇರೋದಿಲ್ಲ, ಒಂದರ ಸಿಪಿಯು ಒಳಗೆ ಇಲಿ ಗೂಡು ಕಟ್ಟಿರುತ್ತದೆ (ತಮಾಷೆ ಅಲ್ಲ). ಆಮೇಲೆ ಯಾವ ವಿಂಡೋಸ್, ಯಾವ ಲಿನಕ್ಸ್ ಅಂತ ಬರೆದುಕೊಳ್ಳಿ. ಮಕ್ಕಳು ಬ್ಲಾಕ್ ಜೋಡಿಸಿ ಕೋಡಿಂಗ್ ಕಲಿಯೋ ಸ್ಕ್ರಾಚ್ 3ರ ಆಫ್‌ಲೈನ್ ಆ್ಯಪ್‌ಗೆ ವಿಂಡೋಸ್ 10 ಅಥವಾ ಅದಕ್ಕಿಂತ ಹೊಸದು ಬೇಕು. ಲಿನಕ್ಸ್‌ಗೆ ಸ್ಕ್ರಾಚ್‌ನವರೇ ಕೊಡೋ ಡೆಸ್ಕ್‌ಟಾಪ್ ಆ್ಯಪ್ ಇಲ್ಲ, ಉಬುಂಟು ಥರದ ಲಿನಕ್ಸ್ ಇದ್ದರೆ ಸ್ಕ್ರಾಚ್ ಪ್ರಾಜೆಕ್ಟ್‌ಗಳನ್ನೇ ಓಡಿಸೋ ಟರ್ಬೋವಾರ್ಪ್ ಹಾಕಿಕೊಳ್ಳಬಹುದು. ಇನ್ನೂ ಹಳೇ ಸ್ಕ್ರಾಚ್ 1.4 ಕೂತಿರೋ ಲ್ಯಾಬ್‌ಗಳೂ ಇವೆ, ಅದರಲ್ಲಿ ಸ್ಕ್ರಾಚ್ 3ರ ಎಸ್‌ಬಿ3 ಫೈಲ್ ತೆರೆಯೋದಿಲ್ಲ. ಮೆಂಟರ್ ಮನೆಯಲ್ಲಿ ಮಾಡಿಕೊಂಡು ಬಂದ ಪ್ರಾಜೆಕ್ಟ್ ಮೊದಲ ದಿನವೇ ಓಪನ್ ಆಗದೆ, ಮಕ್ಕಳೆಲ್ಲ ಮುಖ ನೋಡುತ್ತಾ ಕೂತರೆ ಹೇಗಿರುತ್ತದೆ ಹೇಳಿ. ಇಂಟರ್ನೆಟ್ ನಂಬಬೇಡಿ. ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ, ಎರಡು ಪೆನ್‌ಡ್ರೈವ್, ಯಾಕಂದ್ರೆ ಒಂದಕ್ಕೆ ವೈರಸ್ ಗ್ಯಾರಂಟಿ.

ಸಮಯದ ವಿಷಯ. ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ ಇಟ್ಟುಕೊಳ್ಳಿ. ಏಪ್ರಿಲ್ ಕೊನೆಗೆ ಭರಣಿ ಮಳೆ ಶುರುವಾಗುತ್ತದೆ, ಸಂಜೆ ಗುಡುಗು ಬಂದರೆ ಕರೆಂಟ್ ಹೋಯಿತು ಅಂತಲೇ ಲೆಕ್ಕ. ಮಧ್ಯಾಹ್ನ ಮುಗಿದರೆ ಹಳ್ಳಿ ಮಕ್ಕಳಿಗೆ ಬಸ್ಸೂ ಸಿಗುತ್ತದೆ. ಬಸ್ ಅಂದ ಕೂಡಲೇ ನೆನಪಾಯಿತು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, 2023ರ ಜೂನ್‌ನಿಂದ ಸರ್ಕಾರಿ ಬಸ್ಸಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಜೊತೆಗಿರಲಿ ಅಂತ ಹೇಳಿ. ಗಂಡುಮಕ್ಕಳ ಶಾಲಾ ಪಾಸ್ ಸಾಮಾನ್ಯವಾಗಿ 10 ತಿಂಗಳದ್ದು, ರಜೆಗೆ ನಡೆಯೋದಿಲ್ಲ. ದಿನಾ ಬಸ್ ಚಾರ್ಜ್ ಕೊಡಬೇಕಾದ ಹುಡುಗ ಎರಡನೇ ವಾರಕ್ಕೆ ನಿಂತುಬಿಡುತ್ತಾನೆ. ಕೇಳಿದರೆ "ಹುಷಾರಿರಲಿಲ್ಲ ಸರ್" ಅಂತಾನೆ, ದುಡ್ಡಿಲ್ಲ ಅಂತ ಬಾಯಿಬಿಟ್ಟು ಹೇಳೋದಿಲ್ಲ. ಬಜೆಟ್‌ನಲ್ಲಿ ಬಸ್ ಚಾರ್ಜ್ ಇದೆಯಾ ಅಂತ ಸೇರೋ ಮುಂಚೆಯೇ ಕೇಳಿ. ಇಲ್ಲ ಅಂದ್ರೆ ಟಿ-ಶರ್ಟ್ ದುಡ್ಡನ್ನು ಅದಕ್ಕೆ ಹಾಕಿ ಅಂತ ಹೇಳಿ. ಟಿ-ಶರ್ಟ್ ಫೋಟೋಗೆ, ಬಸ್ ಚಾರ್ಜ್ ಹಾಜರಿಗೆ.

10ನೇ ಕ್ಲಾಸಿನವರನ್ನು ಸೇರಿಸಿಕೊಳ್ಳೋದಾದರೆ ಒಂದು ವಿಷಯ ಗಮನದಲ್ಲಿರಲಿ. ಈಗ ಎಸ್ಸೆಸ್ಸೆಲ್ಸಿಗೆ ಒಂದೇ ಪರೀಕ್ಷೆ ಅಲ್ಲ. ಫಲಿತಾಂಶ ಬಂದ ಮೇಲೆ ಕೆಲವರು ಎರಡನೇ ಪರೀಕ್ಷೆಗೆ ಓದಲು ಹೋಗುತ್ತಾರೆ, ಕೆಲವರು ಪಿಯುಸಿ ಸೀಟಿಗೆ ಓಡಾಡುತ್ತಾರೆ. ಅವರನ್ನು ಪ್ರತ್ಯೇಕ ಸಣ್ಣ ಬ್ಯಾಚ್ ಮಾಡಿ ಏಪ್ರಿಲ್‌ನಲ್ಲೇ ಮುಗಿಸಿಬಿಡಿ.

ಇನ್ನು ಕ್ಲಾಸಿನ ಒಳಗೆ ನಿಮ್ಮ ಕೆಲಸ ಇಲ್ಲ ಅಂದುಕೊಳ್ಳಬೇಡಿ. ಒಂದು ಕಂಪ್ಯೂಟರ್‌ಗೆ ಇಬ್ಬರು ಕೂರುತ್ತಾರೆ. ಹುಡುಗ-ಹುಡುಗಿ ಜೊತೆಗೆ ಕೂತರೆ ಮೌಸ್ ಯಾರ ಕೈಲಿರುತ್ತದೆ ಅಂತ ಸುಮ್ನೆ ಹಿಂದೆ ನಿಂತು ನೋಡಿ. ಹುಡುಗಿ "ಅದನ್ನ ಅಲ್ಲಿ ಹಾಕು, ರಿಪೀಟ್ ಒಳಗೆ ಹಾಕು" ಅಂತ ಸರಿಯಾಗಿಯೇ ಹೇಳುತ್ತಿರುತ್ತಾಳೆ, ಮೌಸ್ ಮಾತ್ರ ಅವಳ ಕೈಗೆ ಬರೋದಿಲ್ಲ. ಮೆಂಟರ್‌ಗೆ ಇದು ಕಾಣೋದಿಲ್ಲ, ಅವನು ಬೋರ್ಡ್ ಹತ್ತಿರ ಇರುತ್ತಾನೆ. ಹದಿನೈದು ನಿಮಿಷಕ್ಕೊಮ್ಮೆ ಬೆಲ್, ಬೆಲ್ ಆದರೆ ಕುರ್ಚಿ ಬದಲು. ಇಷ್ಟು ಮಾಡಿ, ಫರಕ್ಕು ನೀವೇ ನೋಡುತ್ತೀರಿ.

ಸರ್ಟಿಫಿಕೇಟ್ ಬಗ್ಗೆ ಇನ್ನೊಂದು. ಮೊದಲ ದಿನವೇ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಲ್ಲೂ, ಶಾಲಾ ದಾಖಲೆಯಲ್ಲಿ ಇರೋ ಹಾಗೇ ಬರೆಸಿಕೊಳ್ಳಿ. ಇನಿಷಿಯಲ್ ಹಿಂದೆಯೋ ಮುಂದೆಯೋ ಅನ್ನೋದೂ ಸೇರಿ. ಒಂದು ಬ್ಯಾಚ್‌ನಲ್ಲಿ ಮೂರು ಜನ ಚಂದನ ಇರುತ್ತಾರೆ, ಅದರಲ್ಲಿ ಒಬ್ಬ ಹುಡುಗ. ಸಮಾರೋಪದ ಹಿಂದಿನ ರಾತ್ರಿ ಪ್ರಿಂಟಿಂಗ್ ಅಂಗಡಿ ಮುಂದೆ ನಿಂತು ಇನಿಷಿಯಲ್ ತಿದ್ದಿಸೋದು ಯಾರಿಗೂ ಬೇಡ.

ತಿಪಟೂರಿನ ತಾಯಿ:

ನಾನು ಟೆಕ್ನಿಕಲ್ ಅಲ್ಲ. ಮಗಳನ್ನು ಇಂಥದ್ದೊಂದು ಕ್ಯಾಂಪ್‌ಗೆ ಕಳಿಸಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ಸಂಸ್ಥೆ ಹೆಸರು ಬೇಡ. ಅವರು ಅಪ್ಪ-ಅಮ್ಮಂದಿರದ್ದೆಲ್ಲ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. ಒಂದೇ ವಾರದಲ್ಲಿ ಗೊತ್ತಿಲ್ಲದ ಯಾರೋ ನನಗೆ ಗುಡ್ ಮಾರ್ನಿಂಗ್ ಕಳಿಸಲು ಶುರು. ಮಕ್ಕಳ ಫೋಟೋ, ಜೊತೆಗೆ ಹೆಸರು, ಶಾಲೆ, ಎಲ್ಲ ಫೇಸ್‌ಬುಕ್‌ಗೂ ಹೋಯಿತು. ನಮ್ಮನ್ನು ಕೇಳಲೇ ಇಲ್ಲ. ತೆಗೀರಿ ಅಂದ್ರೆ "ಒಳ್ಳೇದಕ್ಕೇ ಅಲ್ವಾ ಮೇಡಂ" ಅಂದರು. ಒಳ್ಳೇದೇ ಇರಬಹುದು, ಕೇಳೋದಕ್ಕೆ ಏನು ಕಷ್ಟ?

ತಮ್ಮಾ, ನೀನು ಹೋದರೆ ಇದನ್ನೊಂದು ಸರಿ ಮಾಡು. ಮತ್ತೆ, ಮಗು ಬರಲಿಲ್ಲ ಅಂದ್ರೆ ಆ ದಿನವೇ ಮನೆಗೆ ಒಂದು ಫೋನ್ ಮಾಡು. ಮನೆಯಿಂದ ಹೊರಟಿದೆ, ಕ್ಯಾಂಪ್‌ಗೆ ಬಂದಿಲ್ಲ ಅಂದ್ರೆ ನಮಗೆ ಸಂಜೆ ಗೊತ್ತಾಗೋದಾ?

ಹಳೇ ಕೋಆರ್ಡಿನೇಟರ್:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಅದನ್ನೇ ಬರೆಯಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು. ಫಾರ್ಮ್‌ನಲ್ಲಿ ಫೋಟೋಗೆ ಬೇರೆ ಕಾಲಂ ಇಟ್ಟು 'ಹೌದು', 'ಬೇಡ' ಎರಡೂ ಕೊಡಿ. ಕನ್ನಡದಲ್ಲಿ ಇರಲಿ. ಆಧಾರ್ ನಂಬರ್ ಕೇಳಲೇಬೇಡಿ, ಕೋಡಿಂಗ್ ಕಲಿಯಲು ಅದು ಯಾಕೆ?

ವಾಟ್ಸಾಪ್‌ಗೆ ಗ್ರೂಪ್ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣೋದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಮೆಸೇಜ್ ಹೋಗುತ್ತದೆ. ನೋಂದಣಿ ದಿನವೇ ಎದುರಿಗೇ ಸೇವ್ ಮಾಡಿಸಿ. ಸಂಸ್ಥೆಯವರಿಂದ ಒಂದು ಸಿಮ್ ತೆಗೆಸಿಕೊಳ್ಳಿ, ಸ್ವಂತ ನಂಬರ್ ಕೊಟ್ಟರೆ ಮುಂದಿನ ದೀಪಾವಳಿಗೂ ಫೋನ್ ಬರುತ್ತದೆ.

ಇನ್ನೊಂದು ಗಂಭೀರ ವಿಷಯ. ಯಾವ ಮಗುವಿನ ಜೊತೆಗೂ ಒಬ್ಬರೇ ದೊಡ್ಡವರು ಮುಚ್ಚಿದ ರೂಮಿನಲ್ಲಿ ಇರಬಾರದು, ಮೆಂಟರ್ ಎಷ್ಟೇ ಒಳ್ಳೆಯವರಾದರೂ. ಏನಾದರೂ ಅನುಮಾನ ಬರೋದು ಕಂಡರೆ "ಒಳಗೊಳಗೇ ಸರಿ ಮಾಡೋಣ" ಅಂತ ಯಾರು ಹೇಳಿದರೂ ಕೇಳಬೇಡಿ. ಪೋಕ್ಸೊ ಕಾಯ್ದೆಯಲ್ಲಿ ದೂರು ಕೊಡೋದು ಕಡ್ಡಾಯ, ಕೊಡದೆ ಇರೋದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಸಂಸ್ಥೆಗೆ ಇಂಥ ನಿಯಮ ಲಿಖಿತವಾಗಿ ಇದೆಯಾ ಅಂತ ಕೇಳಿ ನೋಡಿ. ತಬ್ಬಿಬ್ಬಾದರೆ ನಾನಂತೂ ಸೇರೋದಿಲ್ಲ.

ಓಪನ್ ಸೋರ್ಸ್ ಓಬಯ್ಯ:

ಅಡ್ಮಿನ್ ಅಂದ್ರೆ ಕೀಳು ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಹೊಸಬರು ಮೆಂಟರ್ ಸಹಾಯದಿಂದ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರೋ) ಸಂಸ್ಥೆಗಳಿಗೆ ಕೋಡ್ ಬರೆಯೋ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮ 2005ರಿಂದ ನಡೆಯುತ್ತಿದೆ, ನಮ್ಮ ಕಾಲೇಜು ಹುಡುಗರೆಲ್ಲ ಅದರ ಹಿಂದೆ ಬಿದ್ದಿರುತ್ತಾರೆ. ಅಲ್ಲೂ ಪ್ರತಿ ಸಂಸ್ಥೆಗೆ ಮೆಂಟರ್ ಬೇರೆ, ಆರ್ಗ್ ಅಡ್ಮಿನ್ ಬೇರೆ. ಅರ್ಜಿ ಹಾಕೋದು, ಎಷ್ಟು ಜನರನ್ನು ತೆಗೆದುಕೊಳ್ಳಬಹುದು ಅಂತ ಲೆಕ್ಕ ಕೊಡೋದು, ಮೌಲ್ಯಮಾಪನದ ಕೊನೇ ದಿನ ಹತ್ತಿರ ಬಂದಾಗ ಮೆಂಟರ್‌ಗಳ ಬೆನ್ನು ಹತ್ತೋದು, ಎಲ್ಲ ಅವರದ್ದೇ. ಆ ಕೆಲಸ ಮಾಡಿದವರನ್ನು ಓಪನ್ ಸೋರ್ಸ್‌ನಲ್ಲಿ ಯಾರೂ ಗುಮಾಸ್ತ ಅನ್ನೋದಿಲ್ಲ. ಹೈಸ್ಕೂಲ್ ವಯಸ್ಸಿನವರಿಗೆ, 13ರಿಂದ 17ರವರೆಗೆ, ಗೂಗಲ್ ಕೋಡ್-ಇನ್ ಅಂತ ಇತ್ತು, 2010ರಿಂದ 2019ರವರೆಗೆ. ಅದು ಸಣ್ಣ ಸಣ್ಣ ಟಾಸ್ಕ್‌ಗಳ ಮೇಲೆಯೇ ನಿಂತಿತ್ತು. ಸಾಕಷ್ಟು ಟಾಸ್ಕ್ ಮೊದಲೇ ಬರೆದಿಟ್ಟು, ಮಕ್ಕಳು ಕಳಿಸಿದ್ದನ್ನು ಬೇಗ ನೋಡಿ ಉತ್ತರ ಕೊಡೋಕೆ ಯಾರಾದರೂ ಇರಬೇಕಿತ್ತು. ಆ ಕ್ರಮವನ್ನು ನೀವೂ ತೆಗೆದುಕೊಳ್ಳಬಹುದು. "ಒಂದು ಆಟ ಮಾಡಿ" ಅಂತ ಬಿಡೋ ಬದಲು ಒಂದು ಗಂಟೆಯಲ್ಲಿ ಮುಗಿಯೋ ಟಾಸ್ಕ್ ಪಟ್ಟಿ ಇಡಿ: ಸ್ಕ್ರಾಚ್‌ನಲ್ಲಿರೋ ಬೆಕ್ಕು ಕನ್ನಡದಲ್ಲಿ ಒಗಟು ಕೇಳಲಿ, ಉತ್ತರ ತಪ್ಪಾದರೆ ಮಿಯಾಂವ್ ಅನ್ನಲಿ, ಹೀಗೆ. ಎರಡು ದಿನ ಜಾತ್ರೆಗೆ ಹೋಗಿ ಬಂದ ಮಗುವೂ ಮತ್ತೆ ಸೇರಿಕೊಳ್ಳುತ್ತದೆ.

ಇನ್ನು ಕೋಡ್ ಬರೆಯೋದಿಲ್ಲ ಅಂತ ಯಾರು ಹೇಳಿದರು? ಹಾಜರಿಯನ್ನು ಕಂಪ್ಯೂಟರ್‌ನ ಸ್ಪ್ರೆಡ್‌ಶೀಟ್‌ನಲ್ಲಿ ಹಾಕಿ. ಸತತ ಎರಡು ದಿನ ಬಾರದವರ ಪಟ್ಟಿ ಪ್ರತಿದಿನ ಹತ್ತು ಗಂಟೆಗೆ ತಾನಾಗಿ ಬರೋ ಹಾಗೆ ಸ್ಕ್ರಿಪ್ಟ್ ಬರೆಯಿರಿ. ಸರ್ಟಿಫಿಕೇಟ್‌ಗಳನ್ನು ಪೈಥಾನ್‌ನಲ್ಲಿ ಒಟ್ಟಿಗೇ ತಯಾರಿಸಿ (ಕನ್ನಡ ಒತ್ತಕ್ಷರ ಪಿಡಿಎಫ್‌ನಲ್ಲಿ ಒಡೆದು ಬರುತ್ತವೆ, ಅದನ್ನು ಸರಿ ಮಾಡೋದರಲ್ಲೇ ಒಂದು ವಾರ ಹೋಗುತ್ತದೆ, ಒಳ್ಳೇ ಪಾಠ). ಕಿಟ್ಟಿ ಕೇಳೋ "ಏನು ಕಟ್ಟಿದೆ?"ಗೆ ಇದೇ ಉತ್ತರ.

ಕೀಬೋರ್ಡ್ ಕಿಟ್ಟಿ:

ಸರಿ ಓಬಯ್ಯ, ಒತ್ತಕ್ಷರದ ಮಾತಿಗೆ ನಾನು ಸೋತೆ. ಆದರೂ 8 ಸಾವಿರ ಕಮ್ಮಿ ಆಯಿತು. ಶಾಲೆ ಶಾಲೆ ಸುತ್ತೋ ಪೆಟ್ರೋಲ್ ಯಾರು ಕೊಡುತ್ತಾರೆ?

ಹಾಸನದ ಹೈದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟೆಲ್ಲ ಇರುತ್ತೆ ಅಂತ ಅಂದುಕೊಂಡೇ ಇರಲಿಲ್ಲ. ಅಕ್ಕ, ಫೋನ್ ವಿಷಯ ಖಂಡಿತ ನೋಡಿಕೊಳ್ಳುತ್ತೇನೆ. ಪೆಟ್ರೋಲ್ ಬಗ್ಗೆ ಈಗಷ್ಟೇ ಫೋನ್ ಮಾಡಿ ಕೇಳಿದೆ, "ಅದು ಸ್ಟೈಪೆಂಡ್‌ನಲ್ಲೇ ಸೇರಿದೆ" ಅಂದರು. ಮಕ್ಕಳ ಸುರಕ್ಷತೆ ನಿಯಮ ಇದೆ, ಕಳಿಸುತ್ತೇವೆ ಅಂದಿದ್ದಾರೆ. ಕಾಲೇಜು ಒಪ್ಪುತ್ತಾ ಅನ್ನೋದು ಇನ್ನೂ ಬಾಕಿ.

ಲೆಕ್ಚರರ್ ಒಬ್ಬರು:

ಕಾಲೇಜಿನ ಕಡೆಯಿಂದ ನಾನು ಹೇಳುತ್ತೇನೆ. ಆಫರ್ ಲೆಟರ್ ಈಗಿರೋ ಹಾಗೇ ತಂದರೆ ನಿಮ್ಮ ಇಂಟರ್ನ್‌ಶಿಪ್ ಕೋಆರ್ಡಿನೇಟರ್ ಮುಖ ಸಿಂಡರಿಸುತ್ತಾರೆ. 'ಇತರೆ' ತೆಗೆಸಿ. ಅದರ ಜಾಗದಲ್ಲಿ ಓಬಯ್ಯ ಹೇಳಿದ ಹಾಜರಿ ವ್ಯವಸ್ಥೆ, ಸರ್ಟಿಫಿಕೇಟ್ ಸಾಫ್ಟ್‌ವೇರ್, ಲ್ಯಾಬ್ ಸಿದ್ಧತೆ ಇವನ್ನು ಕೆಲಸ ಅಂತಲೇ ಬರೆಸಿ. ಶುರುವಿನ ಮತ್ತು ಮುಗಿಯುವ ದಿನಾಂಕ, ವಾರಕ್ಕೆ ಎಷ್ಟು ಗಂಟೆ, ಅಲ್ಲಿ ನಿಮ್ಮನ್ನು ನೋಡಿಕೊಳ್ಳೋರು ಯಾರು ಅನ್ನೋದೂ ಇರಲಿ. ಸೇರೋ ಮುಂಚೆ ವಿಭಾಗದಿಂದ ಒಪ್ಪಿಗೆ ತೆಗೆದುಕೊಳ್ಳಿ, ಬಾಯಿಮಾತಲ್ಲಿ ಅಲ್ಲ, ಇಮೇಲ್‌ನಲ್ಲಿ. ಮುಗಿಸಿ ಬಂದ ಮೇಲೆ ಒಪ್ಪಿಸಿ ಅಂತ ಬರೋ ಹುಡುಗರಿಗೆ ನಾವೂ ಏನೂ ಮಾಡೋಕಾಗೋದಿಲ್ಲ.

ಎಐಸಿಟಿಇ (ತಾಂತ್ರಿಕ ಶಿಕ್ಷಣ ಪರಿಷತ್ತು) ಕೇಳೋ ಆ್ಯಕ್ಟಿವಿಟಿ ಪಾಯಿಂಟ್, ಅಂದ್ರೆ ಪಾಠದಾಚೆಯ ಚಟುವಟಿಕೆಗೆ ಸಿಗೋ ಅಂಕ, ಬೇರೆ ಲೆಕ್ಕ, 100 ಬೇಕು, ಲ್ಯಾಟರಲ್ ಎಂಟ್ರಿಯವರಿಗೆ (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ) 75. ಅದಿನ್ನೂ ಮುಗಿಸಿಲ್ಲ ಅಂದ್ರೆ ಕ್ಯಾಂಪ್ ಆ ಲೆಕ್ಕಕ್ಕೆ ಬರುತ್ತಾ ಅಂತ ಇವತ್ತೇ ಕಾಲೇಜಿನ ನಿಮ್ಮ ಮೆಂಟರ್ ಹತ್ತಿರ ಕೇಳಿ. ಒಂದೇ ಕೆಲಸವನ್ನು ಎರಡೂ ಕಡೆ ತೋರಿಸೋ ಪ್ಲಾನ್ ಮಾತ್ರ ಬೇಡ.

ಪೆಟ್ರೋಲ್ ಬಗ್ಗೆ ಮತ್ತೊಮ್ಮೆ ಕೇಳಿ ನೋಡಿ. ಕೊಡೋದಿಲ್ಲ ಅಂದ್ರೆ ಮೊದಲು ಬಸ್ ಹೋಗೋ ಶಾಲೆಗಳನ್ನು ಆರಿಸಿಕೊಳ್ಳಿ.