ಪದಚರ್ಚೆ: ಕಂಡೆನ್ಸೇಟ್‌ಗೆ ‘ಸಾಂದ್ರಿತ ನೀರು’ ಅನ್ನಬಹುದೇ?

ಗೆಳೆಯರೇ,

ಬಾಯ್ಲರ್ ನಡೆಸುವವರಿಗಾಗಿ ಸಿದ್ಧವಾಗುತ್ತಿರುವ ಇಂಧನ ಉಳಿತಾಯದ ಕೈಪಿಡಿಯ ಕರಡಿನಲ್ಲಿ ಕಂಡೆನ್ಸೇಟ್ ಅನ್ನುವುದನ್ನು ‘ಸಾಂದ್ರಿತ ನೀರು’ ಎಂದು ಬರೆದಿದ್ದಾರೆ. ಇದು ಬೇಡ ಅನ್ನುವುದು ನನ್ನ ವಾದ.

ಸಾಂದ್ರ ಎಂದರೆ ದಟ್ಟ. ಬಾಯ್ಲರ್ ಒಳಗೆ ನಿಜಕ್ಕೂ ಅಂಥ ನೀರಿದೆ: ಕುದಿದು ಕುದಿದು ಲವಣ ಏರಿದ್ದು. ಸಣ್ಣ ಪ್ಯಾಕೇಜ್ ಬಾಯ್ಲರ್‌ಗಳಲ್ಲಿ ಲವಣ ಸುಮಾರು 3,500 ಪಿಪಿಎಂ (ಹತ್ತು ಲಕ್ಷದಲ್ಲಿ 3,500 ಪಾಲು) ಮೀರದಂತೆ ಬ್ಲೋಡೌನ್ ಮಾಡಿ, ಅಂದರೆ ಆ ನೀರನ್ನು ಆಗಾಗ ಒಂದಿಷ್ಟು ಹೊರತೆಗೆದು, ಚರಂಡಿಗೆ ಬಿಡುತ್ತಾರೆ. ಕಂಡೆನ್ಸೇಟ್ ಹಾಗಲ್ಲ, ಹಬೆ ತಣಿದು ಆದ, ಬಟ್ಟಿ ಇಳಿಸಿದಷ್ಟು ಶುದ್ಧವಾದ ನೀರು. 7 ಬಾರ್ ಗೇಜ್ ಒತ್ತಡದ ಹಬೆಯಲ್ಲಿರುವ ಶಾಖದ ಕಾಲುಭಾಗ ಅದರಲ್ಲೇ ಉಳಿದಿರುತ್ತದೆ. ಬಾಯ್ಲರ್‌ಗೆ ನೀರುಣಿಸುವ ಫೀಡ್ ಟ್ಯಾಂಕಿಗೆ ಮರಳಿಸಿದರೆ, ಫೀಡ್ ನೀರು 6 ಡಿಗ್ರಿ ಬಿಸಿಯಾದಂತೆಲ್ಲ ಸುಮಾರು ಶೇ. 1ರಷ್ಟು ಇಂಧನ ಉಳಿಯುತ್ತದೆ. ಹೆಸರು ನಂಬಿ ಯಾರಾದರೂ ಇದನ್ನೂ ಚರಂಡಿಗೆ ಬಿಟ್ಟರೆ ನೀರು, ಶಾಖ, ಮೃದುಗೊಳಿಸಿದ ಖರ್ಚು ಮೂರೂ ಹೋದಂತೆ. ‘ಹಬೆನೀರು’ ಸಾಕಲ್ಲವೇ?

ಫ್ಲ್ಯಾಶ್ ಸ್ಟೀಮ್‌ಗೆ ‘ಮರುಹಬೆ’ ಎಂದು ಸೂಚಿಸುತ್ತೇನೆ. 170 ಡಿಗ್ರಿಯ ಹಬೆನೀರು ಸ್ಟೀಮ್ ಟ್ರ್ಯಾಪ್ (ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ಕವಾಟ) ದಾಟಿ ಹೊರಗಿನ ಒತ್ತಡಕ್ಕೆ ಬಂದಾಗ 100 ಕಿಲೋದಲ್ಲಿ ಸುಮಾರು 13 ಕಿಲೋ ಮತ್ತೆ ಹಬೆಯಾಗುತ್ತದೆ. ಇದಕ್ಕೆ ಬೇರೆ ಹೆಸರು ಬೇಕೇ ಬೇಕು, ಯಾಕೆಂದರೆ ಇದನ್ನು ಕಂಡು ಸರಿಯಿರುವ ಟ್ರ್ಯಾಪನ್ನೇ ಕೆಟ್ಟಿದೆ ಎಂದು ಬಿಚ್ಚುವವರುಂಟು. ಮರುಹಬೆ ನೀರಿನ ಜೊತೆ ಬೆಳ್ಳಗೆ ಮೆತ್ತಗೆ ತೇಲಿ ಬರುತ್ತದೆ. ಸೋರುವ ಹಬೆ ರಭಸದಿಂದ ಚಿಮ್ಮುತ್ತದೆ. ಕೊಳವೆ ಬಾಯಿಯ ಹತ್ತಿರ ಕಣ್ಣಿಗೇ ಕಾಣದು, ಮುಂದೆ ಹೋಗಿ ಬಿಳಿಯಾಗುತ್ತದೆ. ತೆರೆದ ಬಾಯಲ್ಲಿ ಉಷ್ಣಾಂಶ ಅಳೆದಷ್ಟಕ್ಕೇ ಇವೆರಡರ ವ್ಯತ್ಯಾಸ ಖಚಿತವಾಗಿ ಹೇಳಲಾಗದು.

ಸ್ಟೀಮ್ ಟ್ರ್ಯಾಪ್‌ಗೆ ‘ಉಗಿ ಬಲೆ’ ಅನ್ನುವುದನ್ನಂತೂ ಕೈಬಿಡೋಣ. ಟ್ರ್ಯಾಪ್ ಅಂತಲೇ ಎಲ್ಲರ ಬಾಯಲ್ಲಿದೆ.

ಸಕ್ಕರೆ ಕಾರ್ಖಾನೆ ಬಲ್ಲವರಿಗೊಂದು ಪ್ರಶ್ನೆ. ಕಬ್ಬಿನ ರಸವನ್ನು ಸಾಲಾಗಿ ಕುದಿಸಿ ದಟ್ಟಗೊಳಿಸುವ ಇವ್ಯಾಪರೇಟರ್‌ನ ಮೊದಲ ಪಾತ್ರೆಗೆ (ಬಾಡಿ) ಕೊಟ್ಟ ಎಕ್ಸಾಸ್ಟ್ ಹಬೆಯ, ಅಂದರೆ ಟರ್ಬೈನ್ ತಿರುಗಿಸಿ ಹೊರಬಂದ ಹಬೆಯ, ನೀರು ಬಾಯ್ಲರ್‌ಗೆ ಮರಳುತ್ತದೆ. ಮುಂದಿನ ಪಾತ್ರೆಗಳದ್ದು ರಸದಿಂದೆದ್ದ ಹಬೆಯ ನೀರು. ಸಕ್ಕರೆ ಬೆರೆತಿರಬಹುದು, ಪರೀಕ್ಷಿಸದೆ ಬಾಯ್ಲರ್‌ಗೆ ಬಿಡುವಂತಿಲ್ಲ. ಮಂಡ್ಯ, ಬೆಳಗಾವಿ ಕಡೆ ಈ ಎರಡು ನೀರಿಗೆ ಬೇರೆ ಬೇರೆ ಹೆಸರು ಬಳಕೆಯಲ್ಲಿದೆಯೇ? ಇದ್ದರೆ ಕೈಪಿಡಿಗೆ ಅದನ್ನೇ ತೆಗೆದುಕೊಳ್ಳೋಣ.