ಅಂಗಡಿ ಪಿಸಿ, ಮನೆ ಲ್ಯಾಪ್‌ಟಾಪ್ ಎರಡ್ರಲ್ಲೂ ಒಂದೇ ಫೈಲ್ ಇರ್ಬೇಕು, ಕ್ಲೌಡ್ ಬೇಡ. ಏನ್ ಮಾಡೋದು?

ಬೆಣ್ಣೆದೋಸೆ_ಡಿಟಿಪಿ:
ನಮಸ್ಕಾರ ಎಲ್ರಿಗೂ. ದಾವಣಗೆರೇಲಿ ಸಣ್ಣದೊಂದು ಡಿಟಿಪಿ ಅಂಗಡಿ ನಂದು, ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಬುಕ್ಕು ಇಂಥ ಕೆಲ್ಸ. ಅಂಗಡೀಲಿ ಡೆಸ್ಕ್‌ಟಾಪ್, ಮನೇಲಿ ಲ್ಯಾಪ್‌ಟಾಪ್, ಎರಡೂ ವಿಂಡೋಸ್. ರಾತ್ರಿ ಪಾರ್ಟಿಯವ್ರು ವಾಟ್ಸಾಪಲ್ಲಿ "ಸೋದರಮಾವನ ಹೆಸ್ರು ಬಿಟ್ಟೋಗಿದೆ ಸಾರ್" ಅಂತ ಕಳಿಸ್ತಾರೆ, ಮನೇಲೇ ತಿದ್ದಿ ಬೆಳಿಗ್ಗೆ ಅಂಗಡೀಲಿ ಪ್ರಿಂಟ್ ಕೊಡ್ಬೇಕು. ಪೆನ್‌ಡ್ರೈವಲ್ಲೇ ಓಡಾಡಿಸ್ತಿದ್ದೆ, ಈಗ "ಫೈನಲ್", "ಫೈನಲ್ ಹೊಸದು", "ಫೈನಲ್ ಕರೆಕ್ಟ್" ಅಂತ ಇದ್ದು ಯಾವ್ದು ನಿಜವಾದ ಫೈನಲ್ಲೋ ನಂಗೇ ಗೊತ್ತಾಗಲ್ಲ. ಕ್ಲೌಡ್ ಬೇಡ, ಒಟ್ಟು 400 ಜಿಬಿ ಹತ್ರ ಇದೆ, ತಿಂಗಳಾ ತಿಂಗಳಾ ದುಡ್ಡು ಕಟ್ಟೋಕೆ ಮನಸ್ಸಿಲ್ಲ, ಅಲ್ದೆ ಗಿರಾಕಿಗಳ ಆಧಾರ್ ಸ್ಕ್ಯಾನೂ ಅದ್ರಲ್ಲೇ ಇರುತ್ತೆ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಡೇಟಾನೂ ಎರಡೂ ಕಡೆ ಇದ್ರೆ ಒಳ್ಳೇದು. ಲಿನಕ್ಸ್ ಗಿನಕ್ಸ್ ಬರಲ್ಲ.

ಕಪ್ಪುಪರದೆ:
ಸಿಂಕ್‌ಥಿಂಗ್ ಹಾಕ್ಕೊಳ್ಳಿ, ಎರಡು ಕಂಪ್ಯೂಟರಿನ ಫೋಲ್ಡರನ್ನ ಒಂದೇ ತರ ಇಡೋ ಸಾಫ್ಟ್‌ವೇರ್ ಅದು. ಫ್ರೀ, ಓಪನ್ ಸೋರ್ಸ್, 2013ರಿಂದ ಇದೆ. ನಡುವೆ ಯಾರ ಸರ್ವರಲ್ಲೂ ಫೈಲ್ ಕೂರಲ್ಲ, ಕಂಪ್ಯೂಟರಿಂದ ಕಂಪ್ಯೂಟರಿಗೆ ನೇರ ಹೋಗುತ್ತೆ. ಎರಡರಲ್ಲೂ ಇನ್‌ಸ್ಟಾಲ್ ಮಾಡಿ, ಬ್ರೌಸರಲ್ಲಿ 127.0.0.1:8384 ತೆಗೀರಿ, ಒಂದರ ಡಿವೈಸ್ ಐಡಿ ಇನ್ನೊಂದಕ್ಕೆ ಕೊಡಿ, ಎರಡೂ ಕಡೆ ಒಪ್ಪಿಗೆ ಕೊಟ್ರೆ ಮಾತ್ರ ಕನೆಕ್ಟ್ ಆಗುತ್ತೆ, ಆಮೇಲೆ ಫೋಲ್ಡರ್ ಶೇರ್ ಮಾಡಿ, ಅಷ್ಟೇ.

ಆದ್ರೆ 400 ಜಿಬಿನ ಮೊದಲ ಸಲ ನೆಟ್ಟಲ್ಲಿ ಬಿಡೋಕೆ ಹೋಗ್ಬೇಡಿ. ಹಾರ್ಡ್‌ಡಿಸ್ಕಲ್ಲಿ ಕಾಪಿ ಮಾಡಿ ಲ್ಯಾಪ್‌ಟಾಪಿಗೆ ಹಾಕಿ, ಆಮೇಲೆ ಎರಡೂ ಕಡೆ ಆ ಫೋಲ್ಡರನ್ನೇ ತೋರಿಸಿ, ಅದು ಕೂತ್ಕೊಂಡು ಎಲ್ಲಾ ಫೈಲನ್ನೂ ಓದಿ ಇವು ಒಂದೇ ಅಂತ ಕಂಡ್ಕೊಳ್ಳುತ್ತೆ, ಮತ್ತೆ ಕಳಿಸಲ್ಲ. ನೆಟ್ ಮೊಬೈಲ್ ಹಾಟ್‌ಸ್ಪಾಟಿಂದ ಅಂದ್ರೆ ಎಷ್ಟೋ ಸಲ ನೇರ ಕನೆಕ್ಷನ್ ಸಿಗಲ್ಲ, ಆಗ ರಿಲೇ ಸರ್ವರ್, ಅಂದ್ರೆ ನಡುವೆ ಡೇಟಾ ದಾಟಿಸೋ ಸರ್ವರ್ ಮೂಲಕ ಹೋಗುತ್ತೆ, ಡೇಟಾ ಎನ್‌ಕ್ರಿಪ್ಟ್ ಆಗಿರೋದ್ರಿಂದ ರಿಲೇಯವ್ರಿಗೆ ಏನೂ ಕಾಣಲ್ಲ, ಸ್ಪೀಡ್ ಮಾತ್ರ ಆಮೆ.

ಗಿರ್ಮಿಟ್_ಪ್ರಿಯ:
ಮ್ಯಾಲಿನವ್ರು ಮುಖ್ಯ ಮಾತು ಬಿಟ್ರಲ್ರಿ. ಸಿಂಕ್‌ಥಿಂಗ್ ಕೆಲಸ ಮಾಡ್ಬೇಕಂದ್ರ ಎರಡೂ ಮಷಿನ್ ಒಂದ ಟೈಮಿಗೆ ಆನ್ ಇರ್ಬೇಕು. ಇವ್ರು ರಾತ್ರಿ ಅಂಗಡಿ ಮೇನ್ ಸ್ವಿಚ್ ತಗದ ಮನಿಗೆ ಹೋಗ್ತಾರ, ಮನ್ಯಾಗ ತಿದ್ದಿ ಲ್ಯಾಪ್‌ಟಾಪ್ ಮುಚ್ಚಿ ಮಲಗ್ತಾರ, ಮುಂಜಾನಿ ಅಂಗಡ್ಯಾಗ ಪಿಸಿ ಆನ್ ಮಾಡಿದ್ರ ಯಾರ ಕಡೆಯಿಂದ ತಗೋಬೇಕ್ರಿ ಅದು? ಮನ್ಯಾಗ ಒಂದ ಹಳೇ ಲ್ಯಾಪ್‌ಟಾಪೋ ರಾಸ್ಪ್‌ಬೆರಿ ಪೈ ಅನ್ನೋ ಸಣ್ಣ ಕಂಪ್ಯೂಟರೋ ಯಾವಾಗ್ಲೂ ಆನ್ ಇಡ್ರಿ, ಅದ ಮೂರನೇ ಡಿವೈಸ್. ರಾತ್ರಿ ಅದಕ್ಕ ಹೋಗ್ತೈತಿ, ಮುಂಜಾನಿ ಅಲ್ಲಿಂದ ಅಂಗಡಿಗೆ ಬರ್ತೈತಿ.

ಅದೂ ತ್ರಾಸ ಅನಿಸಿದ್ರ ಫ್ರೀಫೈಲ್‌ಸಿಂಕ್ ಅನ್ನೋ ಸಾಫ್ಟ್‌ವೇರ್ ಮತ್ತ ಒಂದ ಹಾರ್ಡ್‌ಡಿಸ್ಕ್ ಸಾಕು. ಡಿಸ್ಕ್ ಹಚ್ಚಿ ಕಂಪೇರ್ ಒತ್ರಿ, ಯಾವ ಫೈಲ್ ಯಾವ ಕಡೆ ಹೋಗ್ತೈತಿ ಅಂತ ಮೊದ್ಲ ತೋರಿಸ್ತೈತಿ, ನೋಡಿ ಸಿಂಕ್ ಒತ್ರಿ. "ಟೂ ವೇ" ಇಟ್ಕೋರಿ. "ಮಿರರ್" ಇಟ್ರ ಎಡಗಡೆ ಇಲ್ಲದ್ದೆಲ್ಲಾ ಬಲಗಡೆನೂ ಅಳಿಸಿಬಿಡ್ತೈತಿ, ಹುಷಾರ್. ನನ್ನ ಕೇಳಿದ್ರ ಒಬ್ಬರ ನಡಸೋ ಅಂಗಡಿಗೆ ಇದ ಬೆಸ್ಟ್.

ಮಳೆಕಾಡು:
ಟ್ಯಾಲಿ ಡೇಟಾ ಫೋಲ್ಡರನ್ನ ಲೈವ್ ಆಗಿ ಸಿಂಕಿಗೆ ಹಾಕ್ಲೇಬೇಡಿ. ಅಲ್ಲಿ ಬಿಡಿ ಬಿಡಿ ಫೈಲ್ ಕಂಡ್ರೂ ಅವೆಲ್ಲಾ ಸೇರಿ ಒಂದೇ ಲೆಕ್ಕ, ಟ್ಯಾಲೀಲಿ ಕಂಪನಿ ಓಪನ್ ಇದ್ದಾಗ ಅರ್ಧ ಹೊಸದು ಅರ್ಧ ಹಳೇದು ಆಚೆ ಕಡೆ ಹೋಯ್ತು ಅಂದ್ರೆ ಡೇಟಾ ಕೆಡುತ್ತೆ. ಟ್ಯಾಲಿಯೊಳಗೇ ಬ್ಯಾಕಪ್ ತಗೊಂಡು ಆ ಬ್ಯಾಕಪ್ ಫೋಲ್ಡರನ್ನ ಮಾತ್ರ ಕಳಿಸಿ, ಅಂಗಡಿ ಕಡೆ "ಸೆಂಡ್ ಓನ್ಲಿ", ಮನೆ ಕಡೆ "ರಿಸೀವ್ ಓನ್ಲಿ". ಎಂಟ್ರಿ ಒಂದೇ ಕಡೆ ಮಾಡಿ.

ಡಿಸೈನ್ ಮಾಡೋ ಕೋರೆಲ್‌ಡ್ರಾ ಫೈಲಿಗೆ ಸಿಂಕ್‌ಥಿಂಗ್ ಚೆನ್ನಾಗೇ ಆಗುತ್ತೆ. ಬದಲಾದ ತುಂಡಷ್ಟೇ ಕಳಿಸುತ್ತೆ ಅಂತಾರೆ, ನಿಜ, ಆದ್ರೆ ಹೊಸ ವರ್ಷನ್ನಿನ ಕೋರೆಲ್ ಫೈಲು ಒಳಗೆ ಕಂಪ್ರೆಸ್ ಆಗಿರೋದ್ರಿಂದ ಒಂದು ಹೆಸ್ರು ತಿದ್ದಿದ್ರೂ ಹೆಚ್ಚುಕಮ್ಮಿ ಪೂರ್ತಿ ಫೈಲೇ ಹೋಗ್ಬೋದು, ದೊಡ್ಡ ಫ್ಲೆಕ್ಸ್ ಫೈಲಾದ್ರೆ ಡೇಟಾ ಪ್ಯಾಕ್ ನೋಡ್ಕೊಳ್ಳಿ. "Backup_of" ಅಂತ ಹೆಸ್ರಿಟ್ಟು ಕೋರೆಲ್ ತಾನೇ ಮಾಡೋ ಫೈಲ್‌ಗಳನ್ನ ಸಿಂಕ್‌ಥಿಂಗ್‌ನ ಇಗ್ನೋರ್ ಲಿಸ್ಟಿಗೆ (ಕಳಿಸ್ಬಾರದ ಫೈಲ್‌ಗಳ ಪಟ್ಟಿಗೆ) ಹಾಕಿ.

ಇನ್ನೊಂದು, ಸಿಂಕ್‌ಥಿಂಗಲ್ಲಿ ಫೈಲ್ ವರ್ಷನಿಂಗ್, ಅಂದ್ರೆ ಹಳೇ ಕಾಪಿ ಎತ್ತಿಡೋದು, ಮೊದಲಿಗೆ ಆಫ್ ಇರುತ್ತೆ, ಆನ್ ಮಾಡಿ. ಇಲ್ಲಾಂದ್ರೆ ಮನೇಲಿ ಡಿಲೀಟ್ ಮಾಡಿದ್ದು ಅಂಗಡೀಲೂ ಮಾಯ. ಎರಡೂ ಕಡೆ ಆನ್ ಮಾಡ್ಬೇಕು, ಯಾಕಂದ್ರೆ ಬೇರೆ ಮಷಿನ್ನಿಂದ ಬಂದ ಬದಲಾವಣೆಗೆ ಮಾತ್ರ ಅದು ಹಳೇ ಕಾಪಿ ಎತ್ತಿಡೋದು, ನೀವು ಅದೇ ಮಷಿನ್ನಲ್ಲಿ ಕೂತು ಅಳಿಸಿದ್ದಕ್ಕಲ್ಲ. ಬ್ಯಾಕಪ್ ಇದಲ್ಲ, ಅದಕ್ಕೆ ಬೇರೆ ಡಿಸ್ಕ್ ಇಡಿ.

ಬೆಣ್ಣೆದೋಸೆ_ಡಿಟಿಪಿ:
ಎಲ್ರಿಗೂ ಥ್ಯಾಂಕ್ಸ್. ಮಗನ ಹಳೇ ಲ್ಯಾಪ್‌ಟಾಪ್ ಒಂದು ಬಿದ್ದಿದೆ, ಡಿಸ್ಪ್ಲೇ ಹೋಗಿದೆ ಅಷ್ಟೇ, ಅದನ್ನೇ ಮೂರನೇದು ಮಾಡ್ತೀನಿ. ಟ್ಯಾಲಿ ಬ್ಯಾಕಪ್ ಮಾತ್ರ. ಒಂದು ಡೌಟು, ಹುಡುಗ ಅಂಗಡೀಲಿ ತಿದ್ದಿ ನಾನು ಅದೇ ಫೈಲನ್ನ ಮನೇಲಿ ತಿದ್ದಿದ್ರೆ? ಅಂಗಡಿ ಪಿಸಿ ಗಡಿಯಾರ ಬೇರೆ ಕರೆಂಟ್ ಹೋಗ್ ಬಂದಾಗೆಲ್ಲ ಹಳೇ ಡೇಟಿಗೆ ಹೋಗುತ್ತೆ.

ಕಪ್ಪುಪರದೆ:
ಎರಡೂ ಉಳಿಯುತ್ತೆ, ಯಾವ್ದೂ ಕಳೆಯಲ್ಲ. ಟೈಮ್ ಪ್ರಕಾರ ಹಳೇದು ಯಾವ್ದೋ ಅದ್ರ ಹೆಸರಿಗೆ "ಸಿಂಕ್ ಕಾನ್‌ಫ್ಲಿಕ್ಟ್" ಅಂತ ತಾರೀಕಿನ ಜೊತೆ ಸೇರ್ಸಿ ಪಕ್ಕದಲ್ಲೇ ಇಡುತ್ತೆ, ನೀವು ತೆಗೆದು ನೋಡಿ ಸೇರಿಸ್ಕೊಬೇಕು. ಗಡಿಯಾರ ತಪ್ಪಿದ್ರೆ ಹುಡುಗ ಈಗಷ್ಟೇ ತಿದ್ದಿದ್ದೇ ಹಳೇದು ಅಂತ ಪಕ್ಕಕ್ಕೆ ಹೋಗುತ್ತೆ, ನೀವು ಇನ್ನೊಂದನ್ನ ಪ್ರಿಂಟಿಗೆ ಕೊಡ್ತೀರ. ಮದರ್‌ಬೋರ್ಡ್ ಸೆಲ್ ಹೋಗಿರ್ಬೇಕು, ಸಿಆರ್ 2032 ಅಂತ ಕೇಳಿ, ವಾಚ್ ಅಂಗಡೀಲೂ ಸಿಗುತ್ತೆ, ಸಿಂಕ್‌ಥಿಂಗ್ ಹಾಕೋಕಿಂತ ಮೊದಲು ಅದನ್ನ ಬದಲಾಯ್ಸಿ.