ಸಹಾಯ ಬೇಕು: ಕ್ಯೂಬಾದ ಸಿನಿಮಾಗೆ ಕನ್ನಡ ಸಬ್‌ಟೈಟಲ್

ಎಲ್ಲರಿಗೂ ನಮಸ್ಕಾರ. ಸ್ಪ್ಯಾನಿಷ್ ಚೆನ್ನಾಗಿ ಗೊತ್ತಿರುವವರು ಇಲ್ಲಿ ಯಾರಾದರೂ ಇದ್ದೀರಾ?

ಕ್ಯೂಬಾದ ನಿರ್ದೇಶಕ ತೋಮಾಸ್ ಗುಟಿಯೆರೆಸ್ ಅಲೆಯಾ 1966ರಲ್ಲಿ ಮಾಡಿದ 'ಲಾ ಮುಯೆರ್ತೆ ದೆ ಉನ್ ಬುರೋಕ್ರಾತಾ' (ಅಂದರೆ 'ಒಬ್ಬ ಸರ್ಕಾರಿ ಅಧಿಕಾರಿಯ ಸಾವು') ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. ಮಾದರಿ ಕಾರ್ಮಿಕನೊಬ್ಬ ಸಾಯುತ್ತಾನೆ. ಗೌರವಕ್ಕೆಂದು ಅವನ ಕಾರ್ಮಿಕ ಕಾರ್ಡನ್ನೂ ಜೊತೆಗೇ ಹೂಳುತ್ತಾರೆ. ಆಮೇಲೆ ಹೆಂಡತಿ ಪಿಂಚಣಿ ಕೇಳಲು ಹೋದರೆ ಅದೇ ಕಾರ್ಡ್ ಬೇಕು ಅಂತಾರೆ! ಸೋದರಳಿಯ ರಾತ್ರಿ ಕದ್ದು ಹೆಣ ತೆಗೆಸುತ್ತಾನೆ. ತಿರುಗಿ ಹೂಳಲು ಹೋದರೆ, ಹೆಣ ಹೊರತೆಗೆದ ಆದೇಶ ಎಲ್ಲಿ ಅಂತ ಸ್ಮಶಾನದವರು ಕೇಳುತ್ತಾರೆ. ಕ್ರಾಂತಿಯಾಗಿ ಏಳೇ ವರ್ಷಕ್ಕೆ, ಸರ್ಕಾರಿ ಚಿತ್ರಸಂಸ್ಥೆಯಿಂದಲೇ ಇಂಥ ಸಿನಿಮಾ ಬಂತು. ಎಷ್ಟು ಧೈರ್ಯ ಅಲ್ವಾ?

ನನಗೆ ಕಷ್ಟ ಆಗಿರುವುದು ಕಚೇರಿ ಭಾಷೆ. ಚಿತ್ರದ ಶುರುವಿನಲ್ಲಿ ಬರುವ ಕಲಾವಿದರ, ತಂಡದವರ ಹೆಸರುಗಳೇ ಸರ್ಕಾರಿ ಆದೇಶದ ಹಾಗೆ ಟೈಪ್ ಆಗುತ್ತಾ ಹೋಗುತ್ತವೆ. ಇಂಗ್ಲಿಷ್ ಸಬ್‌ಟೈಟಲ್ ನೋಡಿ ಬರೆದರೆ ಆ ಬಿಗಿ ಉಳಿಯುತ್ತಿಲ್ಲ. ನಮ್ಮಲ್ಲಿ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಅನ್ನುವ ಧಾಟಿ ಇದೆಯಲ್ಲ, ಅದು ಅಲ್ಲಿಗೆ ಹೊಂದುತ್ತದಾ?

ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಂದು ಸಹಿಗಾಗಿ ಪ್ಲಾಸ್ಟಿಕ್ ಕವರ್‌ನಲ್ಲಿ ಕಾಗದ ಹಿಡಿದು ತಿಂಗಳುಗಟ್ಟಲೆ ಅಲೆದರು. ಅವರಿಗೆ ಇಂಗ್ಲಿಷ್ ಬಾರದು. ಈ ಚಿತ್ರ ಅವರಿಗೆ ತೋರಿಸಲೇಬೇಕು.

ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು. ದಯವಿಟ್ಟು ಮೆಸೇಜ್ ಮಾಡಿ.